ತಲ್ವಾರ್ ವರ್ಗದ ಫ್ರಿಗೇಟನ್ನು 1:350ರಲ್ಲಿ ಕಟ್ಟುವ ಬಗೆ

ಭಾರತೀಯ ನೌಕಾಪಡೆಯ ಈ ಯುದ್ಧನೌಕೆಯ ಮಾದರಿಯನ್ನು ನಿಜದ 350ನೇ ಒಂದು ಪಾಲಿನ ಅಳತೆಯಲ್ಲಿ ಕಟ್ಟಲು ಹೊರಟಾಗ, ಸ್ಟೈರೀನ್ (ಪ್ಲಾಸ್ಟಿಕ್) ಹಾಳೆಗೆ ಚಾಕು ತಾಗಿಸುವ ಮೊದಲೇ ನಾನು ಎರಡು ವಿಷಯ ಗಟ್ಟಿ ಮಾಡಿಕೊಳ್ಳುತ್ತೇನೆ: ಯಾವ ಹಡಗು, ಯಾವ ವರ್ಷದ್ದು. "ತಲ್ವಾರ್ ವರ್ಗ" ಅಂತ ಹೊರಟರೆ ಕೊನೆಗೆ ಎಲ್ಲೂ ಇಲ್ಲದ ಹಡಗೊಂದು ಕೈಗೆ ಬರುತ್ತದೆ. ಒಪ್ಪಂದದಿಂದ ಒಪ್ಪಂದಕ್ಕೆ ಕಟ್ಟಿದ ಜಾಗ ಬದಲಾಯಿತು, ಡೆಕ್ ಮೇಲಿನ ಆಯುಧಗಳೂ ಬದಲಾದವು.

ತಲ್ವಾರ್, ತ್ರಿಶೂಲ್, ತಬರ್ ಈ ಮೂರೂ 1997ರ ಒಪ್ಪಂದದವು. ಸೇಂಟ್ ಪೀಟರ್ಸ್‌ಬರ್ಗ್‌ನ ಬಾಲ್ಟಿಸ್ಕಿ ಜಾವೋದ್‌ನಲ್ಲಿ ತಯಾರಾಗಿ 2003–04ರಲ್ಲಿ ನೌಕಾಪಡೆ ಸೇರಿದವು. ಇವುಗಳ ಲಂಬ ಉಡಾವಣಾ ಗೂಡುಗಳಲ್ಲಿ ಕ್ಲಬ್ ಕ್ಷಿಪಣಿ, ಹೆಲಿಕಾಪ್ಟರ್ ಹ್ಯಾಂಗರಿನ ಎರಡೂ ಬದಿಗೆ, ಹತ್ತಿರ ಬಂದ ಕ್ಷಿಪಣಿ, ವಿಮಾನಗಳನ್ನು ಹೊಡೆಯುವ ಕಶ್ತಾನ್. ಕಲಿನಿನ್‌ಗ್ರಾಡ್‌ನ ಯಾಂತಾರ್‌ನಿಂದ 2012–13ರಲ್ಲಿ ಬಂದ ತೇಗ್, ತರ್ಕಶ್, ತ್ರಿಕಂಡ್‌ಗಳಲ್ಲಿ ಕ್ಲಬ್ ಬದಲು ಬ್ರಹ್ಮೋಸ್, ಕಶ್ತಾನ್ ಬದಲು ಎಕೆ-630 ಫಿರಂಗಿ. ಅದೇ ಯಾಂತಾರ್‌ನ ತುಶಿಲ್ (2024ರ ಡಿಸೆಂಬರ್) ಮತ್ತು ತಮಾಲ್ (2025ರ ಜುಲೈ) ಬರುವ ಹೊತ್ತಿಗೆ ವಿಮಾನ ಹೊಡೆಯುವ ಶ್ತಿಲ್ ಕ್ಷಿಪಣಿಯ ಒಂಟಿ ತೋಳಿನ ಲಾಂಚರ್ ಕೂಡ ಹೋಗಿ, ಆ ಕ್ಷಿಪಣಿಗಳು ಡೆಕ್ಕಿನೊಳಗಿಂದ ನೆಟ್ಟಗೆ ಹಾರುವಂತಾದವು. ಇದೇ ವರ್ಗದ ತ್ರಿಪುಟ್, ತವಸ್ಯ ಗೋವಾ ಶಿಪ್‌ಯಾರ್ಡ್‌ನವು. ಹಾಗಾಗಿ ಮುಂದಿನ ಡೆಕ್ಕಿನ ಮೇಲೆ ಒಂಟಿ ತೋಳು ಕಂಡರೆ ಅದು ಮೊದಲ ಆರರಲ್ಲಿ ಒಂದು. ಹ್ಯಾಂಗರ್ ಪಕ್ಕ ನೋಡಿದರೆ ಮೊದಲ ಮೂರೋ ನಂತರದ ಮೂರೋ ಎಂದು ಗೊತ್ತಾಗುತ್ತದೆ. ಹಡಗುಗಳು ರೀಫಿಟ್‌ಗೆ (ದೊಡ್ಡ ದುರಸ್ತಿ, ಬದಲಾವಣೆಗೆ) ಹೋಗಿ ಬರುತ್ತವೆ, ಆದ್ದರಿಂದ ತಾರೀಖು ಇಲ್ಲದ ಫೋಟೊಗಳನ್ನು ನಾನು ಬದಿಗಿಡುತ್ತೇನೆ.

ಉದ್ದ 124.8 ಮೀಟರ್, ಅಗಲ 15.2 ಮೀಟರ್. 1:350ರಲ್ಲಿ ಇದು 356.6 ಮಿಮೀ, 43.4 ಮಿಮೀ. ಉಳಿದ ಅಳತೆಯೆಲ್ಲ ಫೋಟೊದಿಂದಲೇ ತೆಗೆಯಬೇಕು, ಎಡವುವುದೂ ಅಲ್ಲೇ. ಪಕ್ಕದಿಂದ ತೆಗೆದಂತೆ ಕಾಣುವ ಚಿತ್ರದಲ್ಲಿ ಹಡಗು ಬರೀ 10 ಡಿಗ್ರಿ ತಿರುಗಿದ್ದರೂ ಉದ್ದ ಶೇ. 1.5ರಷ್ಟು ಕುಗ್ಗುತ್ತದೆ. ಮಾದರಿಯಲ್ಲಿ ಅದು 5 ಮಿಮೀ ಮೀರಿದ ವ್ಯತ್ಯಾಸ. ಉದ್ದವನ್ನೇ ಅಳತೆಗೋಲಾಗಿ ಹಿಡಿದು ಎತ್ತರಗಳನ್ನು ಲೆಕ್ಕ ಹಾಕಿದರೆ ಎಲ್ಲವೂ ಅಷ್ಟಷ್ಟು ಎತ್ತರವಾಗಿ, ಮಾಸ್ಟ್ ಎದ್ದು ಕಾಣುತ್ತದೆ. ದೂರದಿಂದ, ಉದ್ದ ಲೆನ್ಸ್‌ನಲ್ಲಿ ತೆಗೆದ ಚಿತ್ರವೇ ಬೇಕು. ಡೆಕ್ ಮೇಲೆ ಕಾ-28 ಹೆಲಿಕಾಪ್ಟರ್ ನಿಂತಿದ್ದರೆ ಇನ್ನೂ ಒಳ್ಳೆಯದು: ಅದರ ಒಡಲಿನ ಉದ್ದ 11.3 ಮೀಟರ್ (32 ಮಿಮೀ), ಎರಡನೇ ಅಳತೆಗೋಲು ಸಿಕ್ಕಂತಾಯಿತು.

ಒಡಲನ್ನು ನೀರಿನ ಮಟ್ಟದವರೆಗೆ ಮಾತ್ರ ಮಾಡುತ್ತೇನೆ. ಕೆಳಗಿನ ಸೋನಾರ್ ಗುಮ್ಮಟ, ಎರಡು ಪ್ರೊಪೆಲ್ಲರ್‌ಗಳನ್ನು ಊಹಿಸಿ ಮಾಡುವುದು ನನಗೆ ಒಗ್ಗದು. ತಳಕ್ಕೆ 1 ಮಿಮೀ ಹಾಳೆ, ನಡುವೆ ಉದ್ದಕ್ಕೂ ಒಂದು ಬೆನ್ನೆಲುಬು, ಅದಕ್ಕೆ 20 ಮಿಮೀಗೊಂದು ಅಡ್ಡಹಲಗೆ, ಮೇಲೆ 0.5 ಮಿಮೀ ಹೊದಿಕೆ. ಅಡ್ಡಹಲಗೆಗಳನ್ನು 30 ಮಿಮೀ ದೂರ ಇಟ್ಟರೆ ನಡುವಿನ ಹೊದಿಕೆ ಒಳಕ್ಕೆ ಕುಸಿದು ಪಕ್ಕೆಲುಬು ಎದ್ದಂತೆ ಕಾಣುತ್ತದೆ, ಬಣ್ಣ ಬಿದ್ದ ಮೇಲಂತೂ ಮುಚ್ಚಿಡಲಾಗದು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಬಾರದು, ಒಡಲು ತಿರುಚಿಕೊಳ್ಳುತ್ತದೆ. ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು ಎಂದು ಸಾಗಬೇಕು. ಪ್ರತಿ ಅಡ್ಡಹಲಗೆಗೂ ತಳದ ಹಾಳೆಗೂ 3 ಮಿಮೀ ತೂತು ಕೊರೆಯುವುದನ್ನು ಮರೆಯಬೇಡಿ. ದ್ರಾವಕ ಅಂಟಿನ ಆವಿ ಒಳಗೇ ಉಳಿದರೆ ಸ್ಟೈರೀನ್ ಮೆತ್ತಗಾಗಿ, ಎಲ್ಲ ಸರಿಯಿತ್ತೆಂದು ಎತ್ತಿಟ್ಟ ಒಡಲು ವಾರಗಳ ನಂತರ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಈ ಹಡಗಿನ ಚಹರೆ ಇರುವುದು ಇಳಿಜಾರು ಗೋಡೆಗಳಲ್ಲಿ. ವಿನ್ಯಾಸದ ಮೂಲ ಸೋವಿಯತ್ ಕಾಲದ ಕ್ರಿವಾಕ್ ವರ್ಗದ ಫ್ರಿಗೇಟ್. ರಾಡಾರಿಗೆ ಕಡಿಮೆ ಕಾಣಲೆಂದು ಮೇಲ್ಕಟ್ಟಡದ ಗೋಡೆಗಳನ್ನು ಒಳಕ್ಕೆ ವಾಲಿಸಿದ್ದಾರೆ. ಗೋಡೆ ನೆಟ್ಟಗೆ ನಿಂತರೆ ಮಾದರಿ ಹಳೇ ಕ್ರಿವಾಕ್‌ನಂತೆ ಕಾಣತೊಡಗುತ್ತದೆ. ಕೋನಮಾಪಕದ ಗೋಜಿಗೆ ಹೋಗುವುದಿಲ್ಲ. ನೇರ ಹಿಂದಿನಿಂದ ತೆಗೆದ ಚಿತ್ರದಲ್ಲಿ ಹಡಗಿನ ಅಗಲಕ್ಕೂ ಹ್ಯಾಂಗರಿನ ಬುಡ, ನೆತ್ತಿಗಳ ಅಗಲಕ್ಕೂ ಇರುವ ಅನುಪಾತ ನೋಡಿ, 43.4ರಿಂದ ಗುಣಿಸಿ, ಕೆಳಗಿನ ಮತ್ತು ಮೇಲಿನ ತಟ್ಟೆಗಳನ್ನು ಕತ್ತರಿಸುತ್ತೇನೆ. ಗೋಡೆಯನ್ನು ಎರಡರ ಅಂಚಿಗೂ ಒರಗಿಸಿದರೆ ಕೋನ ತಾನೇ ಬರುತ್ತದೆ. ಅಂಚುಗಳನ್ನು ಮಾತ್ರ ಆ ಓರೆಗೆ ತಕ್ಕಂತೆ ಉಜ್ಜಿರಬೇಕು, ಇಲ್ಲವಾದರೆ ಮೂಲೆಯಲ್ಲಿ ಕೂದಲೆಳೆಯ ಬಿರುಕು ಉಳಿದು ಪ್ರೈಮರ್ ಹೊಡೆದಾಗ ಹಲ್ಲು ಕಿರಿಯುತ್ತದೆ.

ಆಯುಧಗಳಲ್ಲಿ ಎ-190 ತೋಪು ಸುಲಭ. 100 ಮಿಮೀ ಬಾಯಿ, ಅದರ 59 ಪಟ್ಟು ಉದ್ದದ ನಳಿಕೆ, ಮಾದರಿಯಲ್ಲಿ ಸುಮಾರು 17 ಮಿಮೀ. ಒಂದಿಷ್ಟು ಗೋಪುರದೊಳಗೇ ಅಡಗಿರುವುದರಿಂದ ಹೊರಗೆ ಕಾಣುವಷ್ಟನ್ನು ಚಿತ್ರದಿಂದ ಅಳೆಯಿರಿ. ನಳಿಕೆಗೆ 23 ಗೇಜಿನ ಇಂಜೆಕ್ಷನ್ ಸೂಜಿ (ಹೊರವ್ಯಾಸ 0.64 ಮಿಮೀ) ಸಾಕು, ಬಾಯಿಯೂ ಕೊರೆದೇ ಸಿಗುತ್ತದೆ. ಜಲಾಂತರ್ಗಾಮಿಗಳ ಮೇಲೆ ರಾಕೆಟ್ ಹಾರಿಸುವ ಆರ್‌ಬಿಯು-6000ಕ್ಕೆ ಕುದುರೆ ಲಾಳದ ಆಕಾರದಲ್ಲಿ ಜೋಡಿಸಿದ 12 ಕೊಳವೆ. ಅವುಗಳ ವ್ಯಾಸ 213 ಮಿಮೀ ಎಂದರೆ ನಮಗೆ 0.6 ಮಿಮೀ. ಶ್ತಿಲ್‌ಗೆ ಗುರಿ ತೋರಿಸುವ ಒರೆಖ್ ರಾಡಾರ್‌ಗಳು ನಾಲ್ಕು. ನಾಲ್ಕನ್ನೂ ಬೇರೆ ಬೇರೆ ಕೆತ್ತಿದರೆ ನಾಲ್ಕು ಬಗೆಯಾಗುತ್ತವೆ. ಒಂದನ್ನು ಚೆನ್ನಾಗಿ ಮಾಡಿ ಸಿಲಿಕೋನ್ ಅಚ್ಚಿನಲ್ಲಿ ರೆಸಿನ್ ಎರಕ ಹೊಯ್ಯುವುದು ಮೇಲು. ಕಶ್ತಾನ್‌ನಲ್ಲಿ ಒಂದೇ ಗೋಪುರಕ್ಕೆ ಆರು ನಳಿಕೆಯ ಎರಡು ಫಿರಂಗಿ ಮತ್ತು ಕ್ಷಿಪಣಿ ಕೊಳವೆಗಳು, ಎಕೆ-630 ಆರು ನಳಿಕೆಯ ಒಂದೇ ಫಿರಂಗಿಯ ಗುಂಡನೆಯ ಗೂಡು. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ತಿಳಿದವರು ಮೊದಲು ಬೆರಳಿಡುವುದು ಅಲ್ಲಿಗೇ.

ಕಟಕಟೆಗೆ ಎಚ್ಚಿಂಗ್ ಮಾಡಿದ (ರಾಸಾಯನಿಕದಿಂದ ಕೊರೆದ) ಹಿತ್ತಾಳೆ, 3 ಮಿಮೀ ಎತ್ತರ. ಮಾಸ್ಟಿನ ಆಂಟೆನಾಗಳಿಗೆ 0.2 ಮಿಮೀ ತಂತಿ, 0.3ರದ್ದು ನಿಜದಲ್ಲಿ 10 ಸೆಂಮೀ ದಪ್ಪದ ಕಂಬವಾಗುತ್ತದೆ, ಕಣ್ಣಿಗೆ ಒರಟು.

ಬೂದು ಬಣ್ಣ, ನೀರಿನ ಅಂಚಿನ ಕಪ್ಪು ಪಟ್ಟಿ ಮುಗಿದ ಮೇಲೆ ಹಡಗಿನ ಬದಿಯ ಸಂಖ್ಯೆ: ತಲ್ವಾರ್ ಎಫ್40, ತ್ರಿಶೂಲ್ ಎಫ್43, ತಬರ್ ಎಫ್44, ತೇಗ್ ಎಫ್45, ತರ್ಕಶ್ ಎಫ್50, ತ್ರಿಕಂಡ್ ಎಫ್51, ತುಶಿಲ್ ಎಫ್70. ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಡಿಕಾಲ್ (ಸಂಖ್ಯೆ ಅಚ್ಚಾದ ತೆಳು ಹಾಳೆ) ಅಂಟಿಸಿದರೆ ಅದರ ಒರಟಿನಲ್ಲಿ ಗಾಳಿ ಸಿಕ್ಕಿಕೊಂಡು ಅಕ್ಷರದ ಸುತ್ತ ಬೆಳ್ಳಿ ಹೊಳಪು ಬರುತ್ತದೆ. ಮೊದಲು ಹೊಳಪಿನ ವಾರ್ನಿಷ್, ಅದು ಪೂರ್ತಿ ಒಣಗಿದ ಮೇಲೆ ಡಿಕಾಲ್, ಒಂದು ರಾತ್ರಿ ಬಿಟ್ಟು ಮ್ಯಾಟ್ ವಾರ್ನಿಷ್. ಮಾಸ್ಟ್, ಕಟಕಟೆ, ಹೆಲಿಕಾಪ್ಟರುಗಳನ್ನು ಇದಾದ ಮೇಲೆಯೇ ಕೂರಿಸುತ್ತೇನೆ.