ಹೊಲಿಗೆಗಿಂತ ಮೊದಲು ಹಿಕ್ಕೆ ನೋಡಿ

ಹೋರಿಗೆ ಬೀಜ ಒಡೆಸಿ ತಂದು ಕಟ್ಟಿದರೆ ಸಂಜೆಗೆಲ್ಲ ಅದು ಗೋದಲಿಗೆ ಬಾಯಿ ಹಾಕುತ್ತದೆ. ಇದನ್ನು ನೋಡಿ ಬೆಳೆದ ನಾವು ಮೊಲದ್ದೂ ಹಾಗೇ ಇರಬಹುದು ಅಂದುಕೊಳ್ಳುತ್ತೇವೆ. ವಿಜಯಪುರದ ನಮ್ಮ ಮನೆಗೆ ಮೊದಲು ಬಂದ ಹೆಣ್ಣು ಮೊಲದ ಹೆಸರು ಹತ್ತಿ. ಅದಕ್ಕೆ ಸಂತಾನಹರಣ ಆಪರೇಷನ್ ಮಾಡಿಸಿ ತಂದ ಮೇಲೆ ನಾನು ಮರುದಿನ ಸಂಜೆಯವರೆಗೂ ಹೊಲಿಗೆಯನ್ನೇ ನೋಡುತ್ತ ಕೂತಿದ್ದೆ. ಹೊಲಿಗೆ ಅಚ್ಚುಕಟ್ಟಾಗಿತ್ತು. ಪಂಜರದಲ್ಲಿ ಬೆಳಗಿನಿಂದ ಒಂದೇ ಒಂದು ಹಿಕ್ಕೆ ಬಿದ್ದಿಲ್ಲ ಎನ್ನುವುದು ಮಾತ್ರ ಕಣ್ಣಿಗೆ ಬೀಳಲೇ ಇಲ್ಲ. ಕತ್ತಲಾಗುವ ಹೊತ್ತಿಗೆ ಅದರ ಹೊಟ್ಟೆ ಬಿಗಿದು, ಕಿವಿ ತಣ್ಣಗಾಗಿ, ಮೂಲೆಯಲ್ಲಿ ಮುದುಡಿ ಹಲ್ಲು ಕಡಿಯುತ್ತಿತ್ತು. ಡ್ರಿಪ್ ಹಾಕಿಸಿ, ಮುಂದೆ ಮೂರು ದಿನ ಸಿರಿಂಜಿನಲ್ಲಿ ಉಣಿಸಿ ಉಳಿಸಿಕೊಂಡೆವು.

ಅದಕ್ಕೇ ಈ ಲೇಖನ. ಆಪರೇಷನ್ ಆದ ಮೊಲಕ್ಕೆ ಗಾಯಕ್ಕಿಂತ ದೊಡ್ಡ ಅಪಾಯ ಇರುವುದು ಹೊಟ್ಟೆಯಲ್ಲಿ. ಮೊಲದ ಕರುಳಿಗೆ ಸದಾ ನಾರು ಬೀಳುತ್ತಲೇ ಇರಬೇಕು. ಅರಿವಳಿಕೆ, ನೋವು, ಹೆದರಿಕೆ ಇವುಗಳಲ್ಲಿ ಯಾವುದಾದರೂ ಅದನ್ನು ನಿಲ್ಲಿಸಬಹುದು. ಆಪರೇಷನ್ ದಿನ ಮೂರೂ ಒಟ್ಟಿಗೆ ಬರುತ್ತವೆ. ಕರುಳು ನಿಂತರೆ ಗಾಳಿ ತುಂಬುತ್ತದೆ, ಗಾಳಿಯಿಂದ ಇನ್ನಷ್ಟು ನೋವು, ಆ ನೋವಿಗೆ ಮೊಲ ಇನ್ನೂ ತಿನ್ನುವುದಿಲ್ಲ. ಹತ್ತು ಹನ್ನೆರಡು ತಾಸು ಏನೂ ತಿನ್ನದಿದ್ದರೆ ಅದು ತುರ್ತು ಸ್ಥಿತಿ.

ಇಷ್ಟು ಕಷ್ಟ ಇದ್ದರೆ ಆಪರೇಷನ್ನೇ ಯಾಕೆ ಎಂದು ಕೇಳಬಹುದು. ಹೆಣ್ಣು ಮೊಲ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ, ಹಾಕಿದ ಅದೇ ದಿನ ಮತ್ತೆ ಗಬ್ಬವಾಗಬಲ್ಲದು. ಅದಕ್ಕಿಂತ ಮುಖ್ಯ ಕಾರಣ ಬೇರೆ ಇದೆ: ಆಪರೇಷನ್ ಆಗದೆ ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತೀರ ಸಾಮಾನ್ಯ. ಹಾಗಾಗಿ ಮಾಡಿಸಿ. ಆದರೆ ತಯಾರಿ ಮಾಡಿಕೊಂಡು ಮಾಡಿಸಿ.

ದಿನ ಗೊತ್ತು ಮಾಡುವ ಮೊದಲು

ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ಆಕಳು, ಎಮ್ಮೆ, ಆಡು, ಕುರಿಗಳದೇ ಸಾಲು. ಮೊಲಕ್ಕೆ ಅರಿವಳಿಕೆ ಕೊಟ್ಟು ರೂಢಿಯಿರುವ ವೈದ್ಯರು ಕಡಿಮೆ. ಸಂಕೋಚ ಬಿಟ್ಟು ಕೇಳಿ: ಇದುವರೆಗೆ ಎಷ್ಟು ಮೊಲಗಳಿಗೆ ಮಾಡಿದ್ದೀರಿ? ನೋವಿಗೆ ಮನೆಗೆ ಏನು ಔಷಧಿ ಕೊಡುತ್ತೀರಿ, ಎಷ್ಟು ದಿನ? ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಲಿ? ಇವಕ್ಕೆ ಸಮಾಧಾನದ ಉತ್ತರ ಕೊಡುವ ವೈದ್ಯರು ನಿಮ್ಮ ಊರಲ್ಲಿ ಸಿಗದೆ ಬೆಳಗಾವಿಗೋ ಸೊಲ್ಲಾಪುರಕ್ಕೋ ಹೋಗುವುದಾದರೆ, ಆ ರಾತ್ರಿ ಅಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ಆಗಷ್ಟೇ ಎಚ್ಚರಾದ ಮೊಲಕ್ಕೆ ತಾಸುಗಟ್ಟಲೆ ಪಯಣ ಬೇಡ.

ದಿನ ಆರಿಸುವಾಗ ದೀಪಾವಳಿಯ ಆಸುಪಾಸು ಬೇಡ. ಸಂಕ್ರಾಂತಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಮದ್ದು ಸುಡುವ ರಾತ್ರಿಗಳೂ ಬೇಡ. ಹೆದರಿಕೆಯಿಂದಲೇ ಮೊಲದ ಕರುಳು ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳನ್ನು ತಪ್ಪಿಸಲಾಗುವುದಾದರೆ ತಪ್ಪಿಸಿ. ನಮ್ಮ 40 ಡಿಗ್ರಿ ಬಿಸಿಲು ಆರೋಗ್ಯವಾಗಿರುವ ಮೊಲಕ್ಕೇ ತಡೆಯುವುದಿಲ್ಲ.

ಉಪವಾಸ ಕೆಡವಬೇಡಿ

ನಾಯಿ ಬೆಕ್ಕುಗಳಿಗೆ ಹಿಂದಿನ ರಾತ್ರಿಯಿಂದ ಊಟ ನಿಲ್ಲಿಸುವುದು ಅರಿವಳಿಕೆಯಲ್ಲಿ ವಾಂತಿಯಾಗಿ ಉಸಿರುಗಟ್ಟದಿರಲಿ ಎಂದು. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಆದ್ದರಿಂದ ಆಸ್ಪತ್ರೆಗೆ ಹೊರಡುವವರೆಗೂ ಒಣಹುಲ್ಲು, ನೀರು ಮುಂದೆ ಇರಲಿ. ಹತ್ತಿಯನ್ನು ನಾನು ರಾತ್ರಿಯಿಡೀ ಉಪವಾಸ ಕೆಡವಿದ್ದೆ. "ನಾವ ಏಕಾದಶಿ ಮಾಡಾಂಗಿಲ್ಲೇನ? ಒಂದ ಹೊತ್ತು ಬಿಟ್ರ ಅದಕ್ಕೇನಾಗ್ತದ ಯವ್ವಾ?" ಎಂದು ಪಕ್ಕದ ಮನೆಯ ಅಜ್ಜಿ ಧೈರ್ಯ ಹೇಳಿದ್ದರು. ಒಂದು ಹೊತ್ತಿಗೆ ಏನಾಗುತ್ತದೆ ಎಂದು ಮರುದಿನ ಗೊತ್ತಾಯಿತು. ಆಸ್ಪತ್ರೆಯಲ್ಲಿ ಯಾರಾದರೂ ಉಪವಾಸ ಎಂದರೆ, ಮೊಲಕ್ಕೂ ಬೇಕೇ ಎಂದು ವೈದ್ಯರನ್ನೇ ಎದುರಿಗೆ ಕೇಳಿ.

ಮೊಲಕ್ಕೆ ಇಷ್ಟದ ಸೊಪ್ಪಿನ ಒಂದು ಸಿವುಡು ಜೊತೆಗೆ ಒಯ್ಯಿರಿ. ಎಚ್ಚರಾದ ಕೂಡಲೇ ಮುಂದಿಡಲು ಬೇಕಾಗುತ್ತದೆ. ಎರಡು ಎಲೆಯಾದರೂ ತಿಂದ ಮೇಲೆಯೇ ಮನೆಗೆ ಕರೆತರುವುದು ಒಳ್ಳೆಯದು.

ಮನೆಯಲ್ಲಿ ಜಾಗ

ಹೊರಡುವ ಮೊದಲೇ ಜಾಗ ಸಿದ್ಧವಿರಲಿ. ಮಹಡಿ, ಮೆಟ್ಟಿಲು, ಏಣಿ ಇರುವ ಪಂಜರ ಎರಡು ವಾರ ಬೇಡ; ಜಿಗಿದರೆ ಹೊಲಿಗೆ ಬಿಚ್ಚುತ್ತದೆ. ನಮ್ಮ ಮನೆಗಳ ಫರ್ಸಿ ನೆಲ ಜಾರುತ್ತದೆ, ಚಳಿಗಾಲದಲ್ಲಿ ಕೊರೆಯುತ್ತದೆ. ಕೆಳಗೊಂದು ಕೌದಿ, ಮೇಲೆ ಹಳೆಯ ಬಿಳಿ ಧೋತರದ ತುಂಡು ಹಾಸಿ. ಬಿಳಿಯೇ ಯಾಕೆಂದರೆ ರಕ್ತದ ಒಂದು ಹನಿ ಬಿದ್ದರೂ ಕಾಣುತ್ತದೆ, ಹಿಕ್ಕೆ ಎಣಿಸಲೂ ಸುಲಭ. ಕಟ್ಟಿಗೆ ಹೊಟ್ಟು ಹಾಕಬೇಡಿ, ಗಾಯಕ್ಕೆ ಅಂಟುತ್ತದೆ. ಒಣದ್ರಾಕ್ಷಿ ತುಂಬುವ ರಟ್ಟಿನ ಡಬ್ಬಿ ನಮ್ಮ ಊರಲ್ಲಿ ಯಾರ ಮನೆಯಲ್ಲೂ ಸಿಗುತ್ತದೆ. ಅದಕ್ಕೆ ಎರಡು ಬಾಗಿಲು ಕೊರೆದು ಮಗುಚಿ ಇಟ್ಟರೆ ಮೊಲಕ್ಕೆ ಅಡಗಲು ಗೂಡಾಯಿತು. ನೀರನ್ನು ಬಾಟಲಿಯ ಬದಲು ಅಗಲವಾದ ಭಾರದ ಬಟ್ಟಲಲ್ಲಿಡಿ, ನೋವಿರುವಾಗ ಕತ್ತೆತ್ತಿ ಹೀರುವುದು ಕಷ್ಟ.

ಆಸ್ಪತ್ರೆಯಿಂದ ತರುವಾಗ ಹಾಡು ಹಾಕಿಕೊಂಡು ಓಡುವ ಟಂಟಂ ಬೇಡ. ಮುಚ್ಚಿದ ಬುಟ್ಟಿಯಲ್ಲಿಟ್ಟು ಮೇಲೊಂದು ಬಟ್ಟೆ ಹಾಕಿ ಆಟೋದಲ್ಲಿ ತನ್ನಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ ಇರಲಿ. ಹಿಂಗಾಲಿಗೆ ಆಸರೆಯಿಲ್ಲದೆ ಕೊಡವಿಕೊಂಡರೆ ಮೊಲದ ಬೆನ್ನೆಲುಬೇ ಮುರಿಯಬಹುದು. ಕಿವಿ ಹಿಡಿದು ಎತ್ತುವುದಂತೂ ಯಾವತ್ತೂ ಕೂಡದು.

ಮೊದಲ ರಾತ್ರಿ

ಆ ರಾತ್ರಿ ಮನೆಯಲ್ಲಿ ಒಬ್ಬರಾದರೂ ಎಚ್ಚರ ಇರಬೇಕು. ಮೂರು ತಾಸಿಗೊಮ್ಮೆ ನೋಡಿದರೆ ಸಾಕು. ಸುಮ್ಮನೆ ಎತ್ತಿಕೊಂಡು ಮುದ್ದಾಡುತ್ತ ಕೂರಬೇಡಿ, ಅದಕ್ಕೆ ಏಕಾಂತ ಬೇಕು.

ಮೊದಲು ಕಿವಿ ಮುಟ್ಟಿ. ಮೊಲದ ಸಹಜ ಮೈಬಿಸಿ ಸುಮಾರು 38.5ರಿಂದ 39.5 ಡಿಗ್ರಿ ಸೆಲ್ಸಿಯಸ್, ನಮಗಿಂತ ಹೆಚ್ಚು. ಅರಿವಳಿಕೆಯ ನಂತರ ಇದು ಇಳಿಯುತ್ತದೆ, ಬೇಸಿಗೆಯಲ್ಲೂ ಇಳಿಯುತ್ತದೆ. ಹೊರಗೆ ಧಗೆಯೆಂದು ಆಗಷ್ಟೇ ತಂದ ಮೊಲವನ್ನು ಕೂಲರ್ ಎದುರು ಇಡುವವರಿದ್ದಾರೆ, ಹಾಗೆ ಮಾಡಬೇಡಿ. ಕಿವಿ ತಣ್ಣಗಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಟವೆಲ್ ಸುತ್ತಿ ಒಂದು ಬದಿಗಷ್ಟೇ ಇಡಿ. ಬೇಕಾದರೆ ಅದೇ ಹತ್ತಿರ ಬರುತ್ತದೆ, ಸಾಕಾದರೆ ಸರಿಯುತ್ತದೆ. ಪೂರ್ತಿ ಎಚ್ಚರಾದ ಮೇಲೆ ಕಿವಿ ಸುಡುತ್ತ, ಉಸಿರು ವೇಗವಾದರೆ ಆಗ ತಂಪು ಬೇಕು: ಕೋಣೆಗೆ ಒದ್ದೆ ಪರದೆ ಕಟ್ಟಿ, ಕಿವಿಗಳನ್ನು ಒದ್ದೆ ಬೆರಳಿನಿಂದ ಸವರಿ. ಮೈಗೆ ನೀರು ಹಾಕಬೇಡಿ.

ಆಮೇಲೆ ಹಾಸು ನೋಡಿ. ಆರೋಗ್ಯವಂತ ಮೊಲ ದಿನಕ್ಕೆ ನೂರಾರು ಹಿಕ್ಕೆ ಹಾಕುತ್ತದೆ. ಆಪರೇಷನ್ ಆದ ರಾತ್ರಿ ಅವು ಸಣ್ಣದಾಗಿ, ಸೊಟ್ಟಗೆ, ಬೆರಳೆಣಿಕೆಯಷ್ಟು ಇದ್ದರೂ ಚಿಂತೆಯಿಲ್ಲ, ಕರುಳು ತಿರುಗುತ್ತಿದೆ ಎಂದರ್ಥ. ಪ್ರತಿ ಸಲ ನೋಡಿದಾಗ ಎಣಿಸಿ, ಗಂಟೆಯ ಸಮೇತ ಒಂದು ಚೀಟಿಯಲ್ಲಿ ಬರೆದು, ಗುಡಿಸಿ ತೆಗೆಯಿರಿ. ಗುಡಿಸದಿದ್ದರೆ ಮುಂದಿನ ಸಲ ಯಾವುದು ಹೊಸದು ಎಂದು ತಿಳಿಯುವುದಿಲ್ಲ. ವೈದ್ಯರಿಗೆ ಫೋನ್ ಮಾಡಬೇಕಾಗಿ ಬಂದರೆ ಈ ಚೀಟಿಯಷ್ಟು ಉಪಯೋಗಕ್ಕೆ ಬರುವುದು ಬೇರೇನಿಲ್ಲ. ಬೆಳಗಾದರೂ ಒಂದೂ ಬೀಳದಿದ್ದರೆ ಕಾಯಬೇಡಿ.

ಮೂರನೆಯದು ನೋವು. ನೋವಿಗೆ ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ. ಬೆನ್ನು ಗೂನಿಸಿ ಕೂರುವುದು, ಕಣ್ಣು ಅರೆ ಮುಚ್ಚುವುದು, ಹೊಟ್ಟೆಯನ್ನು ನೆಲಕ್ಕೆ ಒತ್ತುವುದು, ನಮಗೆ ಕೇಳುವಷ್ಟು ಜೋರಾಗಿ ಹಲ್ಲು ಕಡಿಯುವುದು, ಇವೇ ಅದರ ಕೂಗು. ತಲೆ ಸವರಿದಾಗ ಮೆಲ್ಲಗೆ ಹಲ್ಲು ಆಡಿಸುವುದು ಬೇರೆ, ಅದು ಹಿತವಾಗಿದೆ ಎಂಬ ಸೂಚನೆ.

ತಿನ್ನದಿದ್ದರೆ

ಮೊದಲ ಕೆಲವು ತಾಸು ಮಂಕಾಗಿರುವುದು ಸಹಜ. ಘಮ ಇರುವ ಸೊಪ್ಪು ಮುಂದಿಡಿ: ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು. ತೊಳೆದ ಹಸಿ ಕರಕಿಯನ್ನು ತುಟಿಗೆ ತಾಗಿಸಿ. ಮೊಲ ಚುರುಕಾಗುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ, ಆ ಹೊತ್ತಿಗೆ ತಾಜಾ ಸೊಪ್ಪು ಇಟ್ಟರೆ ಬಾಯಿ ಹಾಕುವ ಸಾಧ್ಯತೆ ಹೆಚ್ಚು. ಪ್ರೀತಿಯಿಂದ ರೊಟ್ಟಿ, ಬಿಸ್ಕತ್ತು, ಬೆಲ್ಲ, ಹಿಡಿ ಒಣದ್ರಾಕ್ಷಿ ಕೊಡಬೇಡಿ. ಹಿಟ್ಟು ಸಕ್ಕರೆಗಳು ಮಂದವಾದ ಕರುಳಿನಲ್ಲಿ ಹುಳಿಯುತ್ತವೆ. ಹೊಲದಿಂದ ಎಳೆ ಜೋಳದ ಕುಡಿ ಕಿತ್ತು ತರಲೂ ಬೇಡಿ. ಅದರಲ್ಲಿರುವ ಸಯನೈಡ್ ವಿಷಕ್ಕೆ ದನ ಬೀಳುವುದನ್ನು ನಮ್ಮ ರೈತರು ಬಲ್ಲರು.

ಹತ್ತು ತಾಸಿನ ಹತ್ತಿರ ಬಂದರೂ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಸಿರಿಂಜಿನಲ್ಲಿ ಉಣಿಸಿ ಎಂದರೆ ಹೀಗೆ ಮಾಡಿ. ಮೊಲಕ್ಕೆಂದೇ ಸಿಗುವ ಚೇತರಿಕೆ ಪುಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದು ದಿನವೂ ತಿನ್ನುವ ಗುಳಿಗೆಯಂಥ ಪೆಲೆಟ್ ಮೇವನ್ನೇ ಬೆಚ್ಚಗಿನ ನೀರಲ್ಲಿ ನೆನೆಸಿ, ಗಂಜಿಯಂತೆ ಕಿವುಚಿ, ಸೋಸಿ. ಮೊಲವನ್ನು ಟವೆಲಿನಲ್ಲಿ ಸುತ್ತಿ, ನಾಲ್ಕೂ ಕಾಲು ನೆಲದ ಮೇಲಿರುವಂತೆ ಕೂರಿಸಿ. ಮುಂದಿನ ಹಲ್ಲುಗಳ ಹಿಂದೆ ಬದಿಯಲ್ಲಿ ಹಲ್ಲಿಲ್ಲದ ಸಂದು ಇದೆ, ಸೂಜಿ ತೆಗೆದ ಸಿರಿಂಜಿನ ತುದಿಯನ್ನು ಅಲ್ಲಿಂದ ತೂರಿಸಿ. ಒಂದು ಗುಟುಕಿಗೆ ಅರ್ಧದಿಂದ ಒಂದು ಮಿಲಿ. ಅಗಿದು ನುಂಗಿದ ಮೇಲೆ ಮುಂದಿನದು. ಅವಸರಿಸಿದರೆ ಪುಪ್ಪುಸಕ್ಕೆ ಹೋಗುತ್ತದೆ. ಒಂದು ಕಿಲೋ ತೂಕದ ಮೊಲಕ್ಕೆ ದಿನಕ್ಕೆ ಒಟ್ಟು 50 ಮಿಲಿ ಸುಮಾರು, ನಾಲ್ಕೈದು ಸಲ ಹಂಚಿ. ಹೊಟ್ಟೆ ಬಿಗಿದು ಉಬ್ಬಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಹೊರಡಿ.

ಔಷಧಿ

ನೋವಿನ ಔಷಧಿಯನ್ನು ವೈದ್ಯರು ಹೇಳಿದಷ್ಟು ದಿನ, ಹೇಳಿದ ಗಂಟೆಗೆ ಕೊಡಿ. "ಹುಷಾರಾಗೇತಿ" ಎಂದು ಎರಡನೇ ದಿನಕ್ಕೇ ನಿಲ್ಲಿಸಿದರೆ ನೋವು ಮರಳಿ, ಊಟ ನಿಲ್ಲುತ್ತದೆ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಅರ್ಧ ಮುರಿದು ಕೊಡಬೇಡಿ. ಬಾಯಿಯಿಂದ ಕೊಡುವ ಅಮೋಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಆಂಟಿಬಯಾಟಿಕ್‌ಗಳು ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮೊಲವನ್ನೇ ಕೊಲ್ಲಬಲ್ಲವು. ಔಷಧಿ ಅಂಗಡಿಯಲ್ಲಿ ಕೇಳಿ ತಂದು ಹಾಕುವ ರೂಢಿ ಇಲ್ಲಿ ಬೇಡವೇ ಬೇಡ. ಉಣ್ಣೆಗೆಂದು ನಾಯಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಕೂಡ ಮೊಲಕ್ಕೆ ವಿಷ.

ಹೊಲಿಗೆ

ದಿನಕ್ಕೆರಡು ಸಲ ನೋಡಿ. ಮೊಲವನ್ನು ಅಂಗಾತ ಮಲಗಿಸಬೇಡಿ. ಆಗ ಅದು ಸುಮ್ಮನಾಗುವುದು ಹೆದರಿಕೆಯಿಂದ. ಒಬ್ಬರು ಮುಂಭಾಗ ಸ್ವಲ್ಪ ಎತ್ತಿ ಹಿಡಿದರೆ ಇನ್ನೊಬ್ಬರು ಬಗ್ಗಿ ನೋಡಬಹುದು. ತುಸು ಗುಲಾಬಿ ಬಣ್ಣ, ತುಸು ಬಾವು ಸಹಜ. ಗಂಡಿನ ಬೀಜದ ಚೀಲ ಎರಡು ಮೂರು ದಿನ ಊದಿರಬಹುದು. ಆದರೆ ಒಮ್ಮೆಲೇ ದೊಡ್ಡದಾದರೆ, ನೀಲಿಗಟ್ಟಿದರೆ ತಡಮಾಡಬೇಡಿ. ಮೊಲದಲ್ಲಿ ಹೊಟ್ಟೆಯಿಂದ ಆ ಚೀಲಕ್ಕಿರುವ ದಾರಿ ತೆರೆದೇ ಇರುವುದರಿಂದ ಕರುಳು ಜಾರಿ ಬರಬಹುದು. ಕೀವು, ವಾಸನೆ, ಬಾಯಿ ಬಿಟ್ಟ ಹೊಲಿಗೆ, ನಿಲ್ಲದ ರಕ್ತ ಕಂಡರೂ ಅಷ್ಟೇ, ಹೊರಡಿ.

ಅರಿಷಿಣ, ಕೊಬ್ಬರಿ ಎಣ್ಣೆ, ಡೆಟಾಲ್ ಯಾವುದೂ ಬೇಡ. ಹಚ್ಚಿದ್ದನ್ನೆಲ್ಲ ಅದು ನೆಕ್ಕುತ್ತದೆ, ನೆಕ್ಕುತ್ತ ಹೊಲಿಗೆಯನ್ನೂ ಕಡಿಯುತ್ತದೆ. ಸ್ನಾನವೂ ಬೇಡ. ಹಿಂಭಾಗ ಮಾತ್ರ ಒಣಗಿ ಸ್ವಚ್ಛವಾಗಿರಲಿ. ಮಳೆಗಾಲದಲ್ಲಿ ಮೂತ್ರ ಅಂಟಿದ ಕೂದಲಿನಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳವಾಗಿ ಮೈಯನ್ನೇ ಕೊರೆಯುತ್ತವೆ. ಕಿಟಕಿಗೆ ಸೊಳ್ಳೆ ಜಾಳಿಗೆ ಇರಲಿ.

ಹೊಲಿಗೆ ಕಡಿಯದಂತೆ ಕೊರಳಿಗೆ ಕಟ್ಟುವ ಪ್ಲಾಸ್ಟಿಕ್ ಲಾಳಿಕೆ ಬಹಳಷ್ಟು ಮೊಲಗಳಿಗೆ ಬೇಕಾಗುವುದಿಲ್ಲ. ಮೊಲ ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಇನ್ನೊಂದು ಬಗೆಯ ಹಿಕ್ಕೆ ಹಾಕಿ ಅದನ್ನು ಅಲ್ಲೇ ತಿನ್ನುತ್ತದೆ. ಅಸಹ್ಯಪಡಬೇಡಿ, ಮೊಲಕ್ಕೆ ಬೇಕಾದ ಜೀವಸತ್ವ ಆ ಹಿಕ್ಕೆಯಲ್ಲೇ ಇದೆ. ಲಾಳಿಕೆ ಕಟ್ಟಿದರೆ ಬಾಯಿ ಅಲ್ಲಿಗೆ ಮುಟ್ಟುವುದಿಲ್ಲ. ಹೊಲಿಗೆ ಕಡಿಯುವ ಮೊಲಕ್ಕೆ ಕಟ್ಟಲೇಬೇಕಾದರೆ, ಎದುರು ಕೂತು ದಿನಕ್ಕೆರಡು ಸಲ ಬಿಚ್ಚಿ. ಹೊರಗಿನ ಹೊಲಿಗೆಯಿದ್ದರೆ 10ರಿಂದ 14 ದಿನಕ್ಕೆ ತೆಗೆಸಬೇಕು.

ಜೋಡಿ ಇದ್ದರೆ

ಆಸ್ಪತ್ರೆಯ ವಾಸನೆ ಹೊತ್ತು ಬಂದ ಗೆಳತಿಯನ್ನು ಗೆಳೆಯ ಗುರುತಿಸದೆ ಕಚ್ಚುವುದುಂಟು, ಮೇಲೇರುವುದೂ ಉಂಟು. ಪೂರ್ತಿ ದೂರ ಮಾಡಿದರೆ ಒಂಟಿತನಕ್ಕೆ ಊಟ ಬಿಡುತ್ತವೆ. ನಡುವೆ ಜಾಳಿಗೆ ಇಟ್ಟು ಅಕ್ಕಪಕ್ಕ ಇರಿಸಿ, ಒಂದರ ಹಾಸನ್ನು ಇನ್ನೊಂದಕ್ಕೆ ಹಾಕಿ. ಹೆಣ್ಣಿಗೆ ಆಪರೇಷನ್ ಆಗಿದ್ದರೆ ಎರಡು ವಾರ ಈ ಏರ್ಪಾಡು ಸಾಕು.

ಗಂಡಿಗಷ್ಟೇ ಆಗಿ ಹೆಣ್ಣಿಗೆ ಆಗಿಲ್ಲವಾದರೆ ಲೆಕ್ಕ ಬೇರೆ. ಬೀಜ ತೆಗೆದ ಮೇಲೂ ನಾಲ್ಕರಿಂದ ಆರು ವಾರ ಗಂಡಿನ ಮೈಯಲ್ಲಿ ಜೀವಂತ ವೀರ್ಯ ಉಳಿದಿರಬಹುದು. ಆಪರೇಷನ್ ಆದ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ, ಅಲ್ಲಿಂದ ಆರು ವಾರ ಎಣಿಸಿ ಇನ್ನೊಂದು ಗುರುತು ಹಾಕಿ. ಎರಡೂ ಜಾಳಿಗೆಗೆ ಮೂಗು ಹಚ್ಚಿ ಎಷ್ಟೇ ಹಂಬಲಿಸಿದರೂ ಎರಡನೇ ಗುರುತಿನ ದಿನದವರೆಗೆ ತೆಗೆಯಬೇಡಿ.