ಮನೆಗೆ ಸೈಕಲ್ ರಿಪೇರಿ ಸ್ಟ್ಯಾಂಡ್: ನಾನು ಆರಿಸಿದ ಬಗೆ

ಮಳೆಗಾಲದಲ್ಲಿ ಧಾರವಾಡದಿಂದ ನವಲಗುಂದದ ಕಡೆ ಹೊಲದ ದಾರಿಯಲ್ಲಿ ಸೈಕಲ್ ಹೊಡೆದವರಿಗೆ ಎರೆ ಮಣ್ಣಿನ ಹಟ ಗೊತ್ತಿರುತ್ತದೆ. ಹಸಿ ಎರೆ ಟೈರಿಗೆ ಮೆತ್ತಿಕೊಂಡು, ಬ್ರೇಕಿನ ಸಂದಿಯಲ್ಲಿ ತುಂಬಿ, ಚಕ್ರವನ್ನೇ ಹಿಡಿದುಬಿಡುತ್ತದೆ. ಮನೆಗೆ ಬಂದು ಅದನ್ನೆಲ್ಲ ತೆಗೆಯಬೇಕು, ಚೈನು ಒರೆಸಬೇಕು, ಗೇರು ಸರಿಮಾಡಬೇಕು. ಇದಕ್ಕೆಲ್ಲ ಹಿಂದಿನ ಚಕ್ರ ನೆಲ ಬಿಟ್ಟು ತಿರುಗುತ್ತಿರಬೇಕು.

ಸೈಕಲ್ ತಲೆಕೆಳಗು ಮಾಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಪಂಕ್ಚರಿಗೆ ಅದು ಸಾಕು. ಆದರೆ ಸೀಟು ಗೀರುತ್ತದೆ, ಹ್ಯಾಂಡಲ್ ಮೇಲಿನ ಲಿವರುಗಳ ಮೇಲೆ ಭಾರ ಬೀಳುತ್ತದೆ. ಆಯಿಲ್ ಬ್ರೇಕ್ ಇದ್ದರೆ ಲಿವರಿನೊಳಗಿನ ಗಾಳಿ ಪೈಪಿಗೆ ಸೇರಿ ಬ್ರೇಕ್ ಮೆತ್ತಗಾಗಬಹುದು. ಅದಕ್ಕಿಂತ ಹೆಚ್ಚಾಗಿ, ಗೇರ್ ಲಿವರ್ ಒತ್ತುತ್ತ ಪೆಡಲ್ ತಿರುಗಿಸಿ ನೋಡುವುದು ಆ ಸ್ಥಿತಿಯಲ್ಲಿ ಆಗುವ ಮಾತಲ್ಲ.

ನಮ್ಮ ಮನೆಯಲ್ಲಿ ಎರಡು ಸೈಕಲ್. ನನ್ನದು ಗೇರಿನ ಹೈಬ್ರಿಡ್, ಅಲ್ಯುಮಿನಿಯಂ ಫ್ರೇಮು. ಇನ್ನೊಂದು ಅಪ್ಪನ ಕರಿ ಅಟ್ಲಾಸ್. ಕ್ಯಾರಿಯರ್, ಚೈನ್ ಕವರ್ ಎಲ್ಲ ಸೇರಿ 20 ಕೆಜಿ ಹತ್ತಿರ ತೂಗುತ್ತದೆ. ಎರಡನ್ನೂ ಹಿಡಿಯುವ ಸ್ಟ್ಯಾಂಡ್ ಬೇಕಿತ್ತು. ಬಾಡಿಗೆ ಮನೆ, ಗೋಡೆಗೆ ತೂತು ಕೊರೆಯುವಂತಿಲ್ಲ. ಹಾಗಾಗಿ ಗೋಡೆಗೆ ಕೂರಿಸುವ, ಸೈಕಲ್ಲನ್ನು ಕಚ್ಚಿ ಹಿಡಿಯುವ ಕ್ಲಾಂಪನ್ನು ಮೊದಲೇ ಬಿಟ್ಟೆ. ಸ್ವಂತ ಮನೆಯವರಿಗೆ ಅದು ಒಳ್ಳೆಯದು, ಜಾಗ ಉಳಿಯುತ್ತದೆ.

ನಮ್ಮ ಕಡೆ ಸೈಕಲ್ ಮಿಸ್ತ್ರಿಗಳು ತಗಡಿನ ಕೆಳಗೆ ಎರಡು ಕೊಕ್ಕೆ ಇಳಿಬಿಟ್ಟು ಸೈಕಲ್ ತೂಗುಹಾಕುತ್ತಾರೆ. ಒಂದು ಸೀಟಿಗೆ, ಇನ್ನೊಂದು ಹ್ಯಾಂಡಲ್ಲಿಗೆ. ಹಂಚಿನ ಮನೆಯಲ್ಲಿ ಗಟ್ಟಿ ತೊಲೆ ಇದ್ದರೆ ಎರಡು ಹಗ್ಗದಲ್ಲೇ ಕೆಲಸ ಮುಗಿಯುತ್ತದೆ, ಖರ್ಚೂ ಇಲ್ಲ. ತೊಳೆಯಲು, ಗೇರು ಹೊಂದಿಸಲು ಅದು ಸಾಕು. ಬೋಲ್ಟ್ ಬಿಗಿಮಾಡಲು ಹೋದರೆ ಮಾತ್ರ ಸೈಕಲ್ ಜೋಲಿ ಹೊಡೆಯುತ್ತದೆ.

ಇನ್ನೊಂದು, ಹಿಂದಿನ ಚಕ್ರದ ಬಳಿ ಫ್ರೇಮಿಗೆ ಕೊಕ್ಕೆ ಕೊಟ್ಟು ಎತ್ತುವ ಸಣ್ಣ ಸ್ಟ್ಯಾಂಡ್. ಬೆಲೆ ಕಡಿಮೆ. ಚೈನಿಗೆ ಎಣ್ಣೆ ಬಿಡುವುದು, ಗೇರ್ ತಿರುಪು ತಿರುಗಿಸುವುದು ಇಷ್ಟೇ ನಿಮ್ಮ ಕೆಲಸವಾದರೆ ಇದನ್ನೇ ತೊಗೊಳ್ಳಿ, ಜಾಸ್ತಿ ಖರ್ಚು ಬೇಡ. ಆದರೆ ನೆಲದಲ್ಲೇ ಕುಕ್ಕುರುಗಾಲಲ್ಲಿ ಕೂರಬೇಕು. ನನಗೆ ಸೊಂಟ ನೋವಿದೆ. 1963ರಲ್ಲಿ ಅಮೆರಿಕದ ಸೇಂಟ್ ಪಾಲ್‌ನ ಸೈಕಲ್ ಅಂಗಡಿಯೊಂದರ ಇಬ್ಬರು ಮಾಲೀಕರು ಬಗ್ಗಿ ಬಗ್ಗಿ ರಿಪೇರಿ ಮಾಡುವುದು ಸಾಕಾಗಿಯೇ ತಮಗೊಂದು ರಿಪೇರಿ ಸ್ಟ್ಯಾಂಡ್ ಮಾಡಿಕೊಂಡಿದ್ದರು. ಸೈಕಲ್ ರಿಪೇರಿ ಸಾಮಾನು ಮಾಡುವ ಪಾರ್ಕ್ ಟೂಲ್ ಕಂಪನಿ ಹುಟ್ಟಿದ್ದು ಹಾಗೆ. ಸೊಂಟದ ಮಾತನ್ನು ಹಗುರವಾಗಿ ತೊಗೋಬೇಡಿ.

ಕೊನೆಗೆ ಉಳಿದದ್ದು ನಿಂತು ಕೆಲಸ ಮಾಡುವಂಥ, ಕ್ಲಾಂಪಿನ ಸ್ಟ್ಯಾಂಡ್. ಕೊಳ್ಳುವ ಮುಂಚೆ ಹುಬ್ಬಳ್ಳಿಯ ಹಳೆಯ ಮಿಸ್ತ್ರಿಯೊಬ್ಬರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: "ಪೈಪ್ ಹಿಡೀಬ್ಯಾಡ್ರಿ ಸರ, ಸೀಟಿನ ರಾಡ್ ಹಿಡೀರಿ. ರಾಡ್ ಹ್ವಾದ್ರ ಹೊಸಾದು ಹಾಕಬಹುದು, ಫ್ರೇಮ್ ಹ್ವಾದ್ರ ಸೈಕಲ್ಲ ಹೋತು." ಅದು ಪೂರ್ತಿ ನಿಜ. ತೆಳು ಅಲ್ಯುಮಿನಿಯಂ ಪೈಪು ಕ್ಲಾಂಪಿನ ಒತ್ತಡಕ್ಕೆ ತಗ್ಗಾಗುತ್ತದೆ, ಕಾರ್ಬನ್ ಆದರೆ ಬಿರುಕೇ ಬಿಡಬಹುದು. ಸೀಟಿನ ರಾಡ್ (ಸೀಟ್ ಪೋಸ್ಟ್) ಕೂಡ ಕಾರ್ಬನ್ ಆಗಿದ್ದರೆ ಅಥವಾ ಚಪ್ಪಟೆ ಆಕಾರದ್ದಾಗಿದ್ದರೆ, ಮುಂದಿನ ಚಕ್ರ ತೆಗೆದು ಅದು ಕೂರುವ ಕವಲನ್ನು, ಅಂದರೆ ಫೋರ್ಕನ್ನು, ಹಿಡಿಯುವ ಸ್ಟ್ಯಾಂಡ್ ನೋಡಿ.

ಅಂಗಡಿಯಲ್ಲಿ ನಾನು ಮೊದಲು ನೋಡಿದ್ದು ಕಾಲು. ನಮ್ಮ ಪಡಸಾಲೆಗೆ ಹಾಕಿರುವುದು ಶಹಾಬಾದ್ ಪರಸಿ, ಅಲ್ಲಲ್ಲಿ ಏರುತಗ್ಗು. ನಾಲ್ಕು ಕಾಲಿನದು ಅದರ ಮೇಲೆ ಕುಂಟುತ್ತದೆ, ಮೂರು ಕಾಲಿನದು ಎಲ್ಲಿಟ್ಟರೂ ಕೂರುತ್ತದೆ. ಆದರೆ ಆ ಮೂರೂ ಅಗಲವಾಗಿ ಚಾಚಬೇಕು, ಎರಡು ಕಾಲು ಸೈಕಲ್ಲಿನ ಭಾರ ಇರುವ ಕಡೆಗೇ ಇರಬೇಕು. ಇಲ್ಲದಿದ್ದರೆ ಇಡೀ ಸ್ಟ್ಯಾಂಡ್ ಮಗುಚುತ್ತದೆ. ಕಾಲಿನ ಅಡಿಗೆ ಹಳೆ ಟ್ಯೂಬಿನ ತುಂಡು ಸಿಕ್ಕಿಸಿದ್ದೇನೆ, ಜಾರುವುದಿಲ್ಲ.

ಆಮೇಲೆ ಕ್ಲಾಂಪಿನ ತಲೆ. ಸೀಟ್ ಪೋಸ್ಟ್ ಹಿಡಿದಾಗ ಸೈಕಲ್ಲಿನ ಹೆಚ್ಚಿನ ತೂಕ ಮುಂದೆ ಇರುತ್ತದೆ, ಮುಂದಿನ ಚಕ್ರ ಕೆಳಗೆ ಎಳೆಯುತ್ತಲೇ ಇರುತ್ತದೆ. ಬರೀ ಬಿಗಿತದ ಮೇಲೆ ನಿಲ್ಲುವ ತಲೆ ನಿಧಾನವಾಗಿ ತಿರುಗಿಬಿಡುತ್ತದೆ. ಹಲ್ಲಿಗೆ ಹಲ್ಲು ಕಚ್ಚುವ ತಲೆ ತಿರುಗುವುದಿಲ್ಲ. ನಾನು ಕೊಂಡದ್ದು ಅದೇ. ಪೂರ್ತಿ ಪ್ಲಾಸ್ಟಿಕ್ ತಲೆ ಇದ್ದದ್ದನ್ನು ಬೆಲೆ ಕಡಿಮೆ ಇದ್ದರೂ ಬಿಟ್ಟೆ. ತಡೆಯುವ ತೂಕ ಡಬ್ಬಿಯ ಮೇಲೆ ಬರೆದಿರುತ್ತದೆ ಅಲ್ವಾ, ಅದು ನಿಮ್ಮ ಸೈಕಲ್ಲಿನ ತೂಕಕ್ಕಿಂತ ಸಾಕಷ್ಟು ಹೆಚ್ಚಿರಲಿ. ಪಾನಾ ಒತ್ತುವ ಕೈಯ ಬಲವೂ ಅದರ ಮೇಲೇ ಬೀಳುತ್ತದೆ.

ಅಟ್ಲಾಸಿನ ಸೀಟು ತೀರ ಕೆಳಗಿರುತ್ತದೆ, ಸ್ಪ್ರಿಂಗು ಬೇರೆ. ಕ್ಲಾಂಪಿಗೆ ಹಿಡಿಯಲು ಜಾಗವೇ ಸಿಗುವುದಿಲ್ಲ. ಅಪ್ಪನ ಎತ್ತರಕ್ಕೆ ರಾಡಿನ ಮೇಲೆ ಇನ್ಸುಲೇಶನ್ ಟೇಪಿನ ಗುರುತು ಹಾಕಿ, ಸೀಟು ಮೇಲೆತ್ತಿ, ಗಟ್ಟಿ ಬಿಗಿದು ಹಿಡಿಸುತ್ತೇನೆ. ಕೆಲಸ ಮುಗಿದ ಮೇಲೆ ಟೇಪಿನವರೆಗೆ ಇಳಿಸುತ್ತೇನೆ. ಸೀಟ್ ಪೋಸ್ಟ್ ಮೇಲೆ ಕಂಪನಿಯವರು ಹಾಕಿದ ಗೆರೆ ಇದ್ದರೆ ಅದು ಹೊರಗೆ ಕಾಣುವಷ್ಟು ಎತ್ತಬಾರದು. 20 ಕೆಜಿಯನ್ನು ಎದೆಮಟ್ಟಕ್ಕೆ ಎತ್ತುವಾಗ ಇನ್ನೊಬ್ಬರ ಕೈ ಇರಲಿ. ಇಲ್ಲವೆ ಸ್ಟ್ಯಾಂಡನ್ನೇ ತಗ್ಗಿಸಿ ಹಿಡಿಸಿಕೊಳ್ಳಿ.

ಈಗ ಗೇರು ಹೊಂದಿಸುವ ಕೆಲಸ ಸುಲಭವಾಗಿದೆ. ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಗೇರ್ ಬದಲಿಸುತ್ತೇನೆ. ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡವಾದರೆ ಡಿರೇಲರಿನ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹಿಂದೆ ಕೇಬಲ್ ಸೇರುವಲ್ಲಿನ ತಿರುಪನ್ನು ಸ್ವಲ್ಪ ಹೊರಗೆ ತಿರುಗಿಸುವುದು, ಇಳಿಯಲು ತಡವಾದರೆ ಒಳಗೆ. ಚಕ್ರ ಸೊಟ್ಟ ಇದೆಯೋ ಎಂದು ನೋಡಲು ರಿಮ್ ಬ್ರೇಕಿನ ಪ್ಯಾಡ್ ಪಕ್ಕದಲ್ಲಿ ಕಣ್ಣಿಟ್ಟರಾಯಿತು. ಚೈನು ಸವೆದಿದೆಯೇ ಎಂದೂ ಆಗಲೇ ಅಳೆಯುತ್ತೇನೆ. ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಹೊಸದರಲ್ಲಿ ಸರಿಯಾಗಿ 12 ಇಂಚು ಇರುತ್ತದೆ. ಒಂದು ಇಂಚಿನ 16ನೇ ಒಂದು ಭಾಗ ಹೆಚ್ಚಾಗಿದ್ದರೆ ಹೊಸ ಚೈನು ತರುವ ಹೊತ್ತು.

ಪೆಡಲ್ ಬಿಚ್ಚುವುದನ್ನು ಮಾತ್ರ ಸ್ಟ್ಯಾಂಡ್ ಮೇಲೆ ಮಾಡುವುದಿಲ್ಲ. ಜೋರಾಗಿ ಒತ್ತಬೇಕು, ಕ್ಲಾಂಪು ತಿರುಚುತ್ತದೆ. ಸೈಕಲ್ ಕೆಳಗಿಳಿಸಿ, ಎರಡೂ ಚಕ್ರ ನೆಲಕ್ಕೂರಿ ಬಿಚ್ಚುತ್ತೇನೆ. ಎಡಗಡೆಯ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ, ಅದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸಡಿಲಾಗುತ್ತದೆ.