ಸಂಜೆಯ ತಳಮಳಕ್ಕೆ ಹಳೆಯ ಹಾಡು: ನನ್ನ ಅನುಭವ

ಆಲ್ಝೈಮರ್ ಇರುವ ನಮ್ಮ ಅತ್ತೆಯವರಿಗೆ ಸಂಜೆ ಐದಾಯಿತೆಂದರೆ ತಳಮಳ. "ಮನೆಗೆ ಹೋಗೋಣ" ಎಂದು ಬಾಗಿಲ ಚಿಲಕ ಎಳೆಯುತ್ತಾರೆ. ಹಾಡು ಕೇಳಿದರೆ ಸಮಾಧಾನ. ಆದರೆ ಮೊಬೈಲ್‌ನಲ್ಲಿ ಹಾಕಿದರೆ ನಡುವೆ ಜಾಹೀರಾತು ಅಬ್ಬರಿಸಿ, "ಯಾರು ಬಂದರು?" ಎಂದು ಬೆದರುತ್ತಿದ್ದರು.

ಇಂಟರ್ನೆಟ್ಟನ್ನೇ ಬಿಟ್ಟೆ. ವಿದ್ಯುತ್ ಬಂದೊಡನೆ ಪೆನ್ ಡ್ರೈವ್‌ನಿಂದ ತಾನಾಗಿ ಹಾಡುವ ಸ್ಪೀಕರ್ ತಂದು, ಟೈಮರ್ ಪ್ಲಗ್‌ಗೆ ಸಿಕ್ಕಿಸಿ, ತಳಮಳ ಶುರುವಾಗುವ ಮೊದಲೇ ಇರಲೆಂದು ನಾಲ್ಕೂವರೆಗೆ ಹೊಂದಿಸಿದೆ. ಪೆನ್ ಡ್ರೈವ್ ಫ್ಯಾಟ್32 (FAT32) ಮಾದರಿಯಲ್ಲಿರಲಿ; ಕಂಪ್ಯೂಟರ್‌ನಲ್ಲಿ ಅದನ್ನು ಫಾರ್ಮ್ಯಾಟ್ ಮಾಡುವಾಗ ಆರಿಸುವ ಬಗೆ ಅದು. ಇಂಥ ಅನೇಕ ಸ್ಪೀಕರ್‌ಗಳು ಬೇರೆಯದನ್ನು ಓದುವುದಿಲ್ಲ.

ನಿಜವಾದ ಕೆಲಸ ಹಾಡಿನ ಆಯ್ಕೆ. ಸಾಮಾನ್ಯವಾಗಿ ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೇಳಿದ್ದು ಗಟ್ಟಿಯಾಗಿ ಉಳಿದಿರುತ್ತದೆ. ಅತ್ತೆ ಹುಟ್ಟಿದ್ದು 1945ರಲ್ಲಿ; ಹಾಗಾಗಿ 1955ರಿಂದ 1975ರವರೆಗಿನ ಚಿತ್ರಗೀತೆ, ದಾಸರ ಪದ ಹಾಕಿದೆ. ಜೊತೆಗೆ ನಾದಿನಿಯ ದನಿಯಲ್ಲೇ ಊರಿನ ಹಸೆ ಹಾಡುಗಳನ್ನು ರೆಕಾರ್ಡ್ ಮಾಡಿಸಿದೆ. ಅವಕ್ಕೆ ಸೋಬಾನೆಯ ಸೊಲ್ಲನ್ನು ಅತ್ತೆಯೇ ಎತ್ತಿಕೊಡುತ್ತಾರೆ, ಹುರುಳಿಕಾಯಿ ನಾರು ತೆಗೆಯುವ ಕೈ ನಿಲ್ಲಿಸದೆ! ನನ್ನ ಹೆಸರು ಮರೆತವರ ಬಾಯಲ್ಲಿ ಒಂದಕ್ಷರವೂ ತಪ್ಪುವುದಿಲ್ಲ.

ವಿರಹದ ಒಂದು ಹಾಡಿಗೆ ಬಿಕ್ಕಿ ಅತ್ತರು, ತೆಗೆದುಹಾಕಿದೆ. ಹಾಡು ಹಾಕಿದಾಗ ಅವರ ಮುಖ ನೋಡುತ್ತಿರಿ. ಒಂದು ಗಂಟೆಗಿಂತ ಹೆಚ್ಚು ಬೇಡ, ದಣಿಯುತ್ತಾರೆ. ಶ್ರವಣ ಸಾಧನ ಬಳಸುವವರಾದರೆ ಮೊದಲು ಅದರ ಬ್ಯಾಟರಿ ನೋಡಿ.